ತೋರಿಸದೆ ಬಿಟ್ಟ ವಾಸನೆ

ಅರಕಲಗೂಡಿನ ಕಾಲೇಜಿಗೆ ಪ್ರಾಯೋಗಿಕ ಪರೀಕ್ಷೆಯ ಹೊರಗಿನ ಪರೀಕ್ಷಕನಾಗಿ ಹೋಗುವುದು ನನ್ನಂಥ ರಸಾಯನಶಾಸ್ತ್ರದ ಮೇಷ್ಟ್ರಿಗೆ ವರ್ಷಕ್ಕೊಮ್ಮೆ ಒದಗುವ ರಾಜಮರ್ಯಾದೆ. ಬಸ್ ಸ್ಟ್ಯಾಂಡಿಗೆ ಅಟೆಂಡರ್ ಬಂದಿರುತ್ತಾನೆ, ಬೇಡವೆಂದರೂ ಚೀಲ ಕಿತ್ತುಕೊಳ್ಳುತ್ತಾನೆ, ಕುರ್ಚಿಯಲ್ಲಿ ಕೂತ ಎರಡು ನಿಮಿಷಕ್ಕೆ ಬೋಂಡ ಬರುತ್ತದೆ. ಆ ಸಲವೂ ಇದೆಲ್ಲ ಶಾಸ್ತ್ರೋಕ್ತವಾಗಿ ನಡೆಯಿತು. ಬೋಂಡ ಮುಗಿಸಿ, ಕೈ ಒರೆಸಿಕೊಂಡು, ಗಾಂಭೀರ್ಯ ಧರಿಸಿ ಲ್ಯಾಬಿನ ಒಳಗೆ ಕಾಲಿಟ್ಟೆ. ಮೂಲೆಯಲ್ಲಿ ಕಿಪ್ಸ್ ಉಪಕರಣ ಇಟ್ಟಿದ್ದರು, ಮೂರು ಗಾಜಿನ ಬುರುಡೆಗಳನ್ನು ಒಂದರ ಮೇಲೊಂದು ಕೂರಿಸಿದಂತೆ ಕಾಣುವ ಆ ಹಳೆಯ ಸಾಧನ. ಅದರಿಂದ ಹೈಡ್ರೋಜನ್ ಸಲ್ಫೈಡ್ ಅನಿಲ ಬರುತ್ತಿತ್ತು. ಇಪ್ಪತ್ತೈದು ವರ್ಷ ಆ ನಾತದಲ್ಲೇ ಅನ್ನ ತಿಂದವನು ನಾನು. ಆದರೂ ಒಂದು ಗಳಿಗೆ ಬಾಗಿಲಲ್ಲೇ ನಿಂತೆ.

ಒಬ್ಬ ಹುಡುಗಿ ಸೀಸದ ದ್ರಾವಣದಲ್ಲಿ ಅದ್ದಿದ ಕಾಗದದ ಚೂರನ್ನು ನಳಿಕೆಯ ಬಾಯಿಗೆ ಹಿಡಿದಿದ್ದಳು. ಬಿಳಿ ಕಾಗದ ನೋಡುತ್ತಿದ್ದಂತೆ ಕಪ್ಪಾಯಿತು. ಇರಲಿ ಅಂತ ಒಂದು ಪ್ರಶ್ನೆ ಕೇಳಿದೆ.

"ಈ ಅನಿಲದ ಲಕ್ಷಣ ಹೇಳಮ್ಮಾ."

"ಕೊಳ್ತೋಗಿರೋ ಮೊಟ್ಟೆ ವಾಸ್ನೆ ಸಾ."

"ಆಮೇಲೆ?"

"ಅಷ್ಟೇ ಸಾ."

"ಆಮೇಲೆ?" ಅಂತ ಮತ್ತೆ ಕೇಳಿದೆ. ಅವಳ ಕಣ್ಣಲ್ಲಿ ನೀರು ತುಂಬುವುದು ಕಂಡು ಪೂರ್ತಿ ಅಂಕ ಕೊಟ್ಟುಬಿಟ್ಟೆ. ಆಂತರಿಕ ಪರೀಕ್ಷಕರು ನನ್ನ ಔದಾರ್ಯಕ್ಕೆ ಬೆರಗಾದರು. ಅದು ಔದಾರ್ಯವಾಗಿರಲಿಲ್ಲ. ನಾನೂ ಒಂದು ವರ್ಷ ಆ 'ಅಷ್ಟೇ'ಯಲ್ಲೇ ಪಾಠ ನಿಲ್ಲಿಸಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ. ಚನ್ನರಾಯಪಟ್ಟಣದ ಕಡೆಯ ಮರೀಗೌಡರು ಬೋರ್‌ವೆಲ್ ಲಾರಿಗಳ ಧಣಿ. ಆ ತಾಲ್ಲೂಕಿನಲ್ಲಿ ಅವರ ಲಾರಿ ತೂತು ಹಾಕದ ಹೊಲ ಹುಡುಕಬೇಕಿತ್ತು. ಅವರು ಒಮ್ಮೆ ಕಂಪ್ರೆಸರ್ ಕೊಳ್ಳಲು ಮುಂಬಯಿಗೆ ಹೋದವರು ಕಂಪ್ರೆಸರಿನ ಜೊತೆಗೆ ಒಂದು ಕಂಪನಿಯನ್ನೂ ಕಟ್ಟಿಕೊಂಡು ಬಂದರು. ತೈಲ ಮತ್ತು ನೈಸರ್ಗಿಕ ಅನಿಲ ಪರಿಶೋಧನೆಯ ಕಂಪನಿ. ನಾನು ಹುಬ್ಬೇರಿಸಿದಾಗ ಅವರು ಕೊಟ್ಟ ವಿವರಣೆ ಈಗಲೂ ನೆನಪಿದೆ.

"ನೀರು ಸಿಕ್ನಿಲ್ಲ ಅಂದ್ರೆ ರೈತ ತಾಯಿ ತಂದೇನೂ ಸೇರಿಸಿ ಬೈತಾನೆ ಮೇಷ್ಟ್ರೇ. ಎಣ್ಣೆ ಸಿಕ್ನಿಲ್ಲ ಅಂದ್ರೆ ಯಾರೂ ಬೈಯಲ್ಲ. ಪರಿಶೋಧನೆ ಮಾಡಿದ್ರು ಅಂತಾರೆ."

ಕಂಪನಿಯ ಪ್ರಧಾನ ಕಚೇರಿ ಹಾಸನದ ಒಂದು ಕಲ್ಯಾಣ ಮಂಟಪದ ಮಾಳಿಗೆಯ ಮೇಲಿತ್ತು. ಲಗ್ನದ ದಿನಗಳಲ್ಲಿ ವಾಲಗದ ಸದ್ದಿಗೆ ಅಲ್ಲಿ ಕೂರಲು ಯಾರೂ ಒಪ್ಪದ್ದರಿಂದ ಗೌಡರಿಗೆ ಅದು ಸಲೀಸಾಗಿ ಸಿಕ್ಕಿತ್ತು. ಗೋಡೆಗೆ ಶಾಲೆಗಳಿಗೆ ಮಾರುವ ಪ್ರಪಂಚದ ನಕಾಶೆ. ಅದರಲ್ಲಿ ಹಾಸನ ಇಲ್ಲದ ಲೋಪವನ್ನು ಗೌಡರೇ ಸ್ಕೆಚ್ ಪೆನ್ನಿನಿಂದ ತಿದ್ದಿದ್ದರು; ಅವರ ಚುಕ್ಕಿಯ ಅಡಿಯಲ್ಲಿ ಬೆಂಗಳೂರು, ಮೈಸೂರು ಎರಡೂ ಮುಚ್ಚಿಹೋಗಿದ್ದವು. ಆ ಚುಕ್ಕಿಯಿಂದ ನಾಲ್ಕು ಕೆಂಪು ದಾರ ಹೊರಟು ನಾಲ್ಕು ಗುಂಡುಪಿನ್ನುಗಳಿಗೆ ಸುತ್ತಿಕೊಂಡಿದ್ದವು. ಯೆಮನ್, ತಾಂಜಾನಿಯ, ಪೆರು, ಕಜಕಸ್ತಾನ. ಗೌಡರು ಇದನ್ನು ಪೋರ್ಟ್‌ಫೋಲಿಯೊ ಅನ್ನುತ್ತಿದ್ದರು. ಆ ಶಬ್ದಕ್ಕೆ ತಕ್ಕಂತೆ ಒಂದು ದಪ್ಪ ಆಲ್ಬಮ್ಮನ್ನೂ ಮಾಡಿಸಿದ್ದರು, ಮದುವೆ ಫೋಟೋ ಹಾಕುವವರ ಹತ್ತಿರವೇ. ರಟ್ಟಿನ ಮೇಲೆ ಚಿನ್ನದ ಬಣ್ಣದ ಬಳ್ಳಿ ಹಾಗೇ ಉಳಿದಿತ್ತು. ಒಳಗೆ ವಧೂವರರ ಜಾಗದಲ್ಲಿ ಮರಳುಗಾಡಿನ ಚಿತ್ರಗಳು.

ನಾಲ್ಕು ಯೋಜನೆಗಳ ನಿಜಸ್ಥಿತಿಯನ್ನು ನಾನು ಹೇಳಿಬಿಡುತ್ತೇನೆ. ಪೆರುವಿನಲ್ಲಿ ನಮ್ಮ ಪಾಲು ಇರುವ ಜಾಗವನ್ನು ನಮ್ಮವರು ಯಾರೂ ನೋಡಿರಲಿಲ್ಲ. ತಾಂಜಾನಿಯದಲ್ಲಿ ಅಪ್ಪಣೆ ಇನ್ನೇನು ಬರುವುದರಲ್ಲಿತ್ತು, ಬಹಳ ದಿನದಿಂದ. ಯೆಮನ್‌ನಲ್ಲಿ ನೆಲ ಪರೀಕ್ಷೆ ಮಾಡಿ ಮರಳು ಇದೆಯೆಂದು ಕಂಡುಹಿಡಿದಿದ್ದರು. ಕೊರೆಯುವ ಕೆಲಸ ನಿಜಕ್ಕೂ ನಡೆಯಲಿದ್ದದ್ದು ಕಜಕಸ್ತಾನದಲ್ಲಿ ಮಾತ್ರ. ಅಲ್ಲಿಯ ಬಾವಿ ದೊಡ್ಡದೊಂದು ವಿದೇಶಿ ಕಂಪನಿಯದು. ಅದರಲ್ಲಿ ನಮಗೆ ಒಂದು ಸಣ್ಣ ಪಾಲು, ಅದಕ್ಕೆ ಬದಲಾಗಿ ನಾವು ಆಳುಗಳನ್ನು ಕಳಿಸಬೇಕು. ಅಂದರೆ ಗೌಡರ ಹತ್ತಿರ ಇದ್ದ ಬಂಡವಾಳವೆಂದರೆ ಬೋರ್‌ವೆಲ್ ಲಾರಿಯ ಹುಡುಗರು.

ಅವರಲ್ಲಿ ಮುಖ್ಯನಾದವನು ಕಟ್ಟಾಯದ ಕಡೆಯ ನಿಂಗಣ್ಣ. ಹುಡುಗನಲ್ಲ, ನಲವತ್ತರ ಆಸುಪಾಸಿನ ಡ್ರಿಲ್ಲರ್. ನನಗೆ ಅವನ ಪರಿಚಯವಾದದ್ದು ಹೊಳೆನರಸೀಪುರದ ನಮ್ಮ ಹಿತ್ತಲಲ್ಲಿ ಬೋರು ಕೊರೆಸಿದಾಗ. ಕಂಪ್ರೆಸರಿನ ಗಾಳಿಗೆ ಕಲ್ಲಿನ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ನಮ್ಮ ತಾಯಿ ಮಡಿಸೀರೆ ಎತ್ತಿ ಹಿಡಿದು ತುಳಸೀಕಟ್ಟೆಯ ಆಚೆ ನಿಂತು ಇದೇನು ಪ್ರಳಯವೋ ಅಂತ ನೋಡುತ್ತಿದ್ದರು. ನಿಂಗಣ್ಣ ಸೀದಾ ತೂತಿನ ಬಾಯಿಗೇ ಬಗ್ಗಿ, ಬಂದ ಪುಡಿಯನ್ನು ಬೊಗಸೆಯಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡ. ಕಣ್ಣು ಮುಚ್ಚಿದ.

"ಇನ್ನ ಇಪ್ಪತ್ತಡಿ ಸಾ."

ಹದಿನೆಂಟು ಅಡಿಗೆ ನೀರು ಚಿಮ್ಮಿತು. ನಾನು ಮೆಚ್ಚಿ ಬೆನ್ನು ತಟ್ಟಲು ಹೋದರೆ ಅವನ ಮುಖ ಸಣ್ಣಗಾಗಿತ್ತು. "ಎರಡಡಿ ತಪ್ಪೋಯ್ತು ಸಾ. ಎರಡು ದಿನದಿಂದ ನೆಗಡಿ."

ಲಾರಿಯವರೆಲ್ಲ ಹೀಗೆ ಪುಡಿ ಮೂಸಿ ನೋಡುವವರೇ, ಅದು ಆ ಕೆಲಸದ ರೂಢಿ. ಆದರೆ ನಿಂಗಣ್ಣನ ಮೂಗಿಗೆ ಮೂರು ತಾಲ್ಲೂಕಿನಲ್ಲಿ ಹೆಸರಿತ್ತು. ಯಂತ್ರ ಹಿಡಿದು ನೀರು ತೋರಿಸುವವರು ಒಂದು ಜಾಗ ಹೇಳಿದ ಮೇಲೂ ರೈತರು ಅವನ ಮುಖ ನೋಡುತ್ತಿದ್ದರು. ಗೌಡರಂತೂ ಆಲ್ಬಮ್ಮಿನ ಕೊನೆಯ ಹಾಳೆಯಲ್ಲಿ ಅವನ ಫೋಟೋ ಅಂಟಿಸಿ ಕೆಳಗೆ 'ಹಿರಿಯ ತಜ್ಞರು' ಎಂದು ಬರೆಸಿದ್ದರು. ಅವನು ಅದನ್ನು ನೋಡಿ, "ಈ ಅಂಗಿ ನಂದಲ್ಲ ಸಾ, ಫೋಟೋದವ್ನು ಇಕ್ಕಿದ್ದು" ಅಂದ.

ನನ್ನನ್ನು ಗೌಡರು ಹಿಡಿದದ್ದು ಬೇಸಿಗೆ ರಜೆಯಲ್ಲಿ. ವಿದೇಶಿ ಕಂಪನಿಯವರು ಸುರಕ್ಷತೆಯ ಒಂದು ಇಂಗ್ಲಿಷ್ ಪುಸ್ತಕ ಕಳಿಸಿದ್ದರು. ಹೋಗುವ ಹನ್ನೊಂದು ಜನರಿಗೆ ಅದನ್ನು ಕನ್ನಡದಲ್ಲಿ ಪಾಠ ಹೇಳಿ, ಹೇಳಿದ್ದೇನೆಂದು ಬರೆದು ಕೊಡಬೇಕು. ನಾನು ಹಿಗ್ಗಿದೆ. ಹೊಳೆನರಸೀಪುರದ ಲ್ಯಾಬಿನಲ್ಲಿ ಗಾಜು ತೊಳೆಸುತ್ತಾ ಕೂದಲು ಹಣ್ಣಾಗಿದ್ದವನಿಗೆ ಅಂತರರಾಷ್ಟ್ರೀಯ ಜವಾಬ್ದಾರಿ ಬಂದಿತ್ತು. ದಿನವೂ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದೆ. ಕಂಡಕ್ಟರ್ ಕೇಳದಿದ್ದರೂ ಕಜಕಸ್ತಾನದ ವಿಷಯ ಹೇಳುತ್ತಿದ್ದೆ.

ಆ ಪುಸ್ತಕದಲ್ಲಿ ಅತಿ ದೊಡ್ಡ ಅಕ್ಷರಗಳಲ್ಲಿದ್ದದ್ದು ಈ ಅನಿಲದ ಮಾತೇ. ಆ ಕಡೆಯ ನೆಲದಲ್ಲಿ ಎಣ್ಣೆಯ ಜೊತೆ ಇದು ಹೇರಳವಾಗಿ ಬರುತ್ತದೆ. 'ಕೊಳೆತ ಮೊಟ್ಟೆಯ ವಾಸನೆ' ಎಂದು ಬೋರ್ಡಿನ ಮೇಲೆ ಬರೆದೆ. ದೇವಸ್ಥಾನದ ಬೀದಿಯಲ್ಲಿ ಹುಟ್ಟಿದ ನನಗೆ ಹಸಿ ಮೊಟ್ಟೆಯ ವಾಸನೆಯೇ ಗೊತ್ತಿಲ್ಲ, ಇನ್ನು ಕೊಳೆತದ್ದರ ಗತಿಯೇನು. ಆದರೂ ಅಧಿಕಾರವಾಣಿಯಿಂದ, "ಅದು ನಿಮಗೆಲ್ಲ ಗೊತ್ತೇ ಇರುತ್ತೆ" ಅಂದೆ.

ನಿಂಗಣ್ಣ ಎದ್ದು ನಿಂತ. "ನಮ್ ಮನೇಲಿ ಮೊಟ್ಟೆ ಕೊಳೆಯೋಗಂಟ ಉಳಿದ್ರಲ್ವಾ ಸಾ ಗೊತ್ತಾಗದು."

ಹನ್ನೊಂದು ಜನವೂ ನಕ್ಕರು. ನಾನೂ ನಕ್ಕೆ. ಆಗ ನನಗೆ ಹೊಳೆದದ್ದು ನಮ್ಮ ಕಾಲೇಜಿನ ಕಿಪ್ಸ್ ಉಪಕರಣ. ಅದನ್ನೇ ತಂದು ತೋರಿಸಿಬಿಟ್ಟರಾಯಿತು. ಬರೀ ವಾಸನೆ ತೋರಿಸುವುದಕ್ಕಲ್ಲ, ಅದಕ್ಕಿಂತ ಮುಖ್ಯವಾದ ಇನ್ನೊಂದಕ್ಕೆ. ಈ ಅನಿಲ ಸ್ವಲ್ಪ ಇದ್ದಾಗ ನಾರುತ್ತದೆ. ಜಾಸ್ತಿಯಾದರೆ ಮೊದಲು ಮೂಗನ್ನು ಸಾಯಿಸುತ್ತದೆ, ವಾಸನೆ ಇದ್ದಕ್ಕಿದ್ದ ಹಾಗೆ ನಿಂತುಹೋಗುತ್ತದೆ. ಸದ್ಯ, ಹೋಯಿತಲ್ಲ ಅಂದುಕೊಂಡು ಮನುಷ್ಯ ನಿರಾಳವಾಗಿ ಇನ್ನೊಂದು ಉಸಿರು ಎಳೆದುಕೊಳ್ಳುತ್ತಾನೆ. ಅಲ್ಲಿಗೆ ಮುಗಿಯಿತು. ಇದನ್ನು ಬಾಯಲ್ಲಿ ಹೇಳಿದರೆ ಮೂಗಿನಿಂದ ಬದುಕುವ ಜನ ನಂಬುವುದಿಲ್ಲ. ಉಪಕರಣದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಅಷ್ಟು ಕಡಿಮೆ ಅನಿಲಕ್ಕೂ ಮೂಗು ಬೇಸತ್ತು ವಾಸನೆ ಇಲ್ಲ ಅನ್ನುತ್ತದೆ. ಆಗ ಬಿಳಿ ಕಾಗದದ ಚೂರು ಹಿಡಿದು ಅದು ಕಪ್ಪಾಗುವುದನ್ನು ತೋರಿಸಬೇಕು. ನೋಡ್ರಪ್ಪಾ, ಅನಿಲ ಇಲ್ಲೇ ಇದೆ, ಇಲ್ಲದ್ದು ನಿಮ್ಮ ಮೂಗು ಅನ್ನಬೇಕು. ಪಾಠ ಚೆನ್ನಾಗಿ ಕೂರುತ್ತದೆಂದು ಈ ಮಾತನ್ನು ಮೊದಲೇ ಹೇಳದೆ ಆ ದಿನಕ್ಕೆಂದು ಇಟ್ಟುಕೊಂಡೆ. ಮೇಷ್ಟ್ರುಗಳ ಚಟ.

ಆ ದಿನ ಬಂತು. ಉಪಕರಣವನ್ನು ಹಳೆಯ ಪಂಚೆಯಲ್ಲಿ ಸುತ್ತಿ, ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಹಾಸನದ ಬಸ್ಸಿನಲ್ಲಿ ತಂದೆ. ಕಲ್ಯಾಣ ಮಂಟಪದ ಮುಂದೆ ಬಾಳೆಕಂಬ ಕಟ್ಟಿದ್ದರು. ಮಂಟಪದ ಒಡೆಯರ ಮಗಳದ್ದೇ ಮದುವೆ. ಮೆಟ್ಟಿಲ ಬಳಿ ಮೇಲ್ವಿಚಾರಕ ಶೇಷಪ್ಪನವರು ಅಡ್ಡ ನಿಂತರು. ಅವರು ನಮ್ಮ ಊರಿನವರೇ, ನಮ್ಮ ತಂದೆಯ ಕಾಲದಿಂದ ಬಲ್ಲವರು.

"ಏನಪ್ಪಾ ಅದು ಪಂಚೇಲಿ?"

ಹೇಳಿದೆ.

"ನಾರುತ್ತಾ?"

"ಸ್ವಲ್ಪ."

"ಇವತ್ತು ಧಾರೆ ಕಣಯ್ಯ. ಗಂಡಿನ ಕಡೆಯವರು ಮೈಸೂರಿನಿಂದ ಬಂದಿದ್ದಾರೆ. ಮೇಲಿಂದ ನಾತ ಇಳಿದರೆ ಅಡಿಗೆ ಕೆಟ್ಟಿದೆ ಅಂತ ಎದ್ದು ಹೋಗ್ತಾರೆ. ನಾಳೆ ಇಟ್ಟುಕೋ, ನಾಡಿದ್ದು ಇಟ್ಟುಕೋ. ಇವತ್ತು ನಿನ್ನ ಹುಡುಗರನ್ನೂ ಕರ್ಕೊಂಡು ಊಟಕ್ಕೆ ಬಾ."

ಮಂಗಳಕಾರ್ಯದ ಮನೆಯಲ್ಲಿ ದುರ್ವಾಸನೆ ಎಬ್ಬಿಸುವುದು ನಮ್ಮ ಕಡೆ ಹೊಡೆದಾಡುವುದಕ್ಕಿಂತ ದೊಡ್ಡ ತಪ್ಪು. ನನಗೂ ಅವರ ಮಾತು ಸರಿಯೆನಿಸಿತು. ಸರಿಯೆನಿಸಿತು ಎಂದು ಬರೆಯುತ್ತಿದ್ದೇನೆ. ವಾಸ್ತವವಾಗಿ ಒಬ್ಬಟ್ಟು ಬೇಯುವ ಘಮ ಆಗಲೇ ಮೆಟ್ಟಿಲವರೆಗೆ ಬಂದಿತ್ತು. ಉಪಕರಣವನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಇಟ್ಟೆ.

ಮೇಲೆ ಹೋದರೆ ಮರೀಗೌಡರು ಒಂದು ಹಾಳೆ ಹಿಡಿದು ಕಾಯುತ್ತಿದ್ದರು. ಅದು ಸಂಜೆಯೊಳಗೆ ಫ್ಯಾಕ್ಸಿನಲ್ಲಿ ಹೋಗಬೇಕು, ಇಲ್ಲದಿದ್ದರೆ ವೀಸಾ ತಪ್ಪುತ್ತದೆ. ಹನ್ನೊಂದು ಹೆಸರುಗಳ ಕೆಳಗೆ ಹೀಗೆ ಬರೆದಿತ್ತು: 'ಮೇಲ್ಕಂಡವರಿಗೆ ಸದರಿ ಅನಿಲದ ವಾಸನೆಯನ್ನು ಪ್ರತ್ಯಕ್ಷವಾಗಿ ತೋರಿಸಿ, ವಾಸನೆ ನಿಂತಾಗಿನ ಅಪಾಯವನ್ನು ಮನದಟ್ಟು ಮಾಡಿಕೊಡಲಾಗಿದೆ.' ಅದರಡಿ ಇಂಗ್ಲಿಷ್. ಅದರಡಿ ನನ್ನ ಸಹಿಗೆ ಜಾಗ.

"ನಾಳೆ ತೋರಿಸ್ತೀನಿ" ಅಂದೆ.

"ನಾಳೆ ತೋರ್ಸಿ ಮೇಷ್ಟ್ರೇ, ಬ್ಯಾಡ ಅಂದೋರ್ಯಾರು. ಸಹಿ ಇವತ್ತಾಕಿ."

ಹಾಕಿದೆ. ದುಂಡಗೆ, ಕೆಳಗೆರಡು ಗೆರೆ ಎಳೆದು. ಆಮೇಲೆ ಎಲ್ಲರೂ ಊಟಕ್ಕೆ ಇಳಿದೆವು. ನಿಂಗಣ್ಣ ನನ್ನ ಪಕ್ಕದ ಎಲೆಗೆ ಕೂತ. ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ತಗ್ಗಿದ ದನಿಯಲ್ಲಿ ಕೇಳಿದ.

"ಸಾ, ಆ ವಾಸ್ನೆ ತೋರ್ಸಾಕಿಲ್ವಾ?"

"ಊಟದ ಹೊತ್ತಲ್ಲಿ ಏನಯ್ಯಾ ಅದು" ಅಂದೆ.

ಅವನು ನಾಚಿಕೊಂಡು ಎಲೆಗೆ ಬಗ್ಗಿದ. ಮಾರನೆಯ ದಿನ ಬೀಗರ ಊಟ. ಅದರ ಮಾರನೆಯ ದಿನ ಹನ್ನೊಂದು ಜನರನ್ನೂ ವೈದ್ಯಕೀಯ ಪರೀಕ್ಷೆಗೆಂದು ಬೆಂಗಳೂರಿಗೆ ಕರೆದೊಯ್ದರು. ನನ್ನ ಉಪಕರಣ ಗೂಡಿನಲ್ಲೇ ಇತ್ತು. ಯಾವನೋ ಅಡಿಗೆಯವನು ಅದರ ಮೇಲೆ ತಪ್ಪಲೆ ಇಟ್ಟು ನಡುವಿನ ಬುರುಡೆ ಒಡೆದು ಹಾಕಿದ. ಕಾಲೇಜಿಗೆ ಏನು ಉತ್ತರ ಹೇಳಲಿ ಎಂಬ ಚಿಂತೆಯಲ್ಲಿ ಆ ತಿಂಗಳು ಕಳೆಯಿತು. ಆ ಬೇಸಿಗೆಯಲ್ಲಿ ನಾನು ಪಟ್ಟ ಚಿಂತೆ ಅದೊಂದೇ.

ಆಷಾಢದ ಗಾಳಿ ಬೀಸುವಾಗ ಅವರು ಹೊರಟರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಗೌಡರು ಎಲ್ಲರಿಗೂ ಹಾರ ಹಾಕಿ ಫೋಟೋ ತೆಗೆಸಿದರು. ನಿಂಗಣ್ಣನ ಹೆಂಡತಿ ಸಾಕಮ್ಮ ರಾಗಿ ಹಿಟ್ಟಿನ ಗಂಟು ತಂದಿದ್ದಳು. ಮಗಳು ಪವಿತ್ರ, ಹೈಸ್ಕೂಲಿನ ಹುಡುಗಿ, ಅಪ್ಪನ ಹೊಸ ಬೂಟಿನ ಲೇಸು ಕಟ್ಟಿಕೊಟ್ಟಳು, ಅವನಿಗೆ ಬರುತ್ತಿರಲಿಲ್ಲ. "ಅಲ್ಲಿ ಯಾರ್ ಕಟ್ತಾರೆ ಅಪ್ಪಾ?" ಅಂದಳು. "ಬಿಚ್ಚಾಕೇ ಓಗಕಿಲ್ಲ ಕಣ್ಮಗ" ಅಂದ.

ಮಳೆಗಾಲವೆಲ್ಲ ಹನ್ನೊಂದೂ ಜನ ಕ್ಷೇಮ ಅಂತ ಸುದ್ದಿ ಬರುತ್ತಿತ್ತು. ಗೌಡರು ದಿನಕ್ಕೊಮ್ಮೆ ನಕಾಶೆಯ ಮುಂದೆ ನಿಂತು ಕಜಕಸ್ತಾನದ ಪಿನ್ನನ್ನು ಮುಟ್ಟಿ ನೋಡುತ್ತಿದ್ದರು. ದೀಪಾವಳಿ ಕಳೆದ ವಾರ ಫ್ಯಾಕ್ಸ್ ಬಂತು. ಇಂಗ್ಲಿಷಿನಲ್ಲಿದ್ದದ್ದರಿಂದ ಓದಿ ಹೇಳಲು ನನ್ನನ್ನೇ ಕರೆಸಿದರು. ನಾಲ್ಕು ಸಾಲು. ಓದಿದೆ. ಮರೀಗೌಡರು ಕೇಳಿ, ಎದ್ದು, ಕಿಟಕಿ ಮುಚ್ಚಿ ಬಂದು ಕೂತರು. ಸ್ವಲ್ಪ ಹೊತ್ತಿಗೆ ಅವರ ಭುಜ ಅಲ್ಲಾಡುವುದು ಕಂಡಿತು. ಹದಿನಾರು ವರ್ಷ ಒಂದೇ ಲಾರಿಯಲ್ಲಿ ತಿರುಗಿದ್ದರಂತೆ, ಅವರೂ ನಿಂಗಣ್ಣನೂ.

ನಡೆದದ್ದು ಏನೆಂದು ಆಮೇಲೆ ಹೇಳಿದವನು ಅರಕಲಗೂಡಿನ ಮಂಜ. ಅವನೂ ಹನ್ನೊಂದರಲ್ಲಿ ಒಬ್ಬ, ಹೆಣದ ಪೆಟ್ಟಿಗೆಯ ಜೊತೆ ಬಂದವನು. ಬಾವಿಯೊಳಗಿಂದ ಬರುವ ಕೆಸರು ಒಂದು ದೊಡ್ಡ ಜರಡಿಯ ಮೇಲೆ ಬೀಳುತ್ತದೆ. ಅಲ್ಲಿ ಇವರಿಬ್ಬರ ಪಾಳಿ.

"ವಾಸ್ನೆ ಬಂತು ಸಾ. ಅಣ್ಣಂಗೇ ಮೊದಲು ಬಂದಿದ್ದು. ಏನೋ ಕೊಳ್ತಂಗದೆ ಅಂದ್ರು. ನಾನು ದೂರ ಓದೆ. ಬಾ ಅಣ್ಣ ಅಂತ ಕರ್ದೆ. ಅವ್ರು ಅಲ್ಲೇ ನಿಂತು ಒಂದ್ ಗಳಿಗೆ ನೋಡಿದ್ರು. ಆಮೇಲೆ ನನ್ ಕಡೆ ತಿರುಗಿ, 'ಓಯ್ತು ಕಣ್ಲಾ ವಾಸ್ನೆ, ಬಾ' ಅಂದ್ರು. ಅಂದೋರು ಬೊಗಸೇಲಿ ಕೆಸ್ರು ತಗಂಡು ಬಗ್ಗಿದ್ರು. ಬಗ್ಗಿದೋರು ಏಳ್ನಿಲ್ಲ ಸಾ."

ಸೈರನ್ ಕೂಗಿತು ಎಂದು ವಿದೇಶಿ ಕಂಪನಿಯ ಕಾಗದದಲ್ಲಿತ್ತು. ಕೂಗಲಿಲ್ಲ ಎಂದು ಮಂಜ ಹೇಳಿದ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಪೆಟ್ಟಿಗೆಯ ಮುಚ್ಚಳ ತೆಗೆಯಬಾರದೆಂದು ಚೀಟಿ ಅಂಟಿಸಿದ್ದರು. ಅವನ ಹೊಲದಲ್ಲಿ, ಅವನೇ ಕೊರೆದ ಬೋರಿನ ಪಕ್ಕ ಮಣ್ಣು ಮಾಡಿದರು. ಮಣ್ಣು ಮುಚ್ಚುವಾಗ ಗೌಡರು ಕಂಪನಿಯ ಕಾಗದವನ್ನು ನಿಂಗಣ್ಣನ ಅಣ್ಣನ ಕೈಗೆ ಕೊಟ್ಟರು. ಜೊತೆಗೆ ನನ್ನ ಸಹಿಯ ಹಾಳೆಯ ಜೆರಾಕ್ಸೂ ಇತ್ತು. ಕಾಗದದ ಸಾರ ಇಷ್ಟು: ಸದರಿ ಕೆಲಸಗಾರನಿಗೆ ಅಪಾಯವನ್ನು ಪ್ರತ್ಯಕ್ಷ ತೋರಿಸಿ ತಿಳಿಸಲಾಗಿತ್ತು, ಆದಾಗ್ಯೂ ಅವನು ತಿಳಿದೂ ನಿಯಮ ಮೀರಿದ್ದಾನೆ, ಆದ್ದರಿಂದ ಹೊಣೆ ಅವನದೇ. ಅಣ್ಣನಿಗೆ ಅಷ್ಟೂ ಬೇಕಿರಲಿಲ್ಲ. "ಎಲ್ಲಾ ಗೊತ್ತಿದ್ದೂ ಮೂಗು ತೂರ್ಸಕ್ಕೋದ" ಅಂದ, ಗುಂಡಿಯ ಬಾಯಲ್ಲೇ ನಿಂತು. ಊರಿಗೆ ಆ ಮಾತು ಸಾಕಾಯಿತು. ಮೂರು ತಾಲ್ಲೂಕು ಕೊಂಡಾಡಿದ ಮೂಗು ಒಂದು ಸಂಜೆಯಲ್ಲಿ ನಗೆಪಾಟಲಾಯಿತು.

ನಾನು ಹೊರಡುವಾಗ ಸಾಕಮ್ಮ ದಾರಿಗೆ ಅಡ್ಡ ಬಂದಳು. ಅಳುತ್ತಿರಲಿಲ್ಲ.

"ಸಾ, ನೀವು ತೋರ್ಸಿದ್ರಾ? ಅವ್ರಿಗೆ ಗೊತ್ತಿತ್ತಾ?"

"ಎಲ್ಲರಿಗೂ ತಿಳಿಸಲಾಗಿತ್ತಮ್ಮಾ" ಅಂದೆ. ಅಂಥ ಹೊತ್ತಿನಲ್ಲೂ ನನ್ನ ವ್ಯಾಕರಣ ಕೆಟ್ಟಿರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಗೌಡರು ಕೇಳಿದರು. "ಸಹಿ ನಿಮ್ದೇ ಅಲ್ವಾ ಮೇಷ್ಟ್ರೇ?"

"ನನ್ನದೇ."

"ಅಷ್ಟು ಸಾಕು. ಅದ್ರ ಮೇಲೆ ಯಾರೂ ಕೇಳಲ್ಲ." ಸ್ವಲ್ಪ ದೂರ ಹೋದ ಮೇಲೆ, "ಈ ಹಾಳೆ ಸುಳ್ಳು ಅಂದ್ರೆ ನಾಲ್ಕು ದೇಶಾನೂ ಓಗ್ತವೆ. ಇನ್ನೂ ಒಂಬತ್ತು ಜನ ಅಲ್ಲೇ ಅವ್ರೆ" ಅಂದರು. ಅದು ಬೆದರಿಕೆಯಾಗಿರಲಿಲ್ಲ, ಬೇಡಿಕೆಯೂ ಆಗಿರಲಿಲ್ಲ. ಇದ್ದದ್ದನ್ನು ಹೇಳಿದರು. ನಾನು ಕಿಟಕಿಯಾಚೆ ಆಲೂಗಡ್ಡೆ ಹೊಲಗಳನ್ನು ನೋಡುತ್ತಾ ಕೂತೆ. ಕಾಲೇಜಿನ ಕೆಲಸ, ಹೊರಗೆ ದುಡಿದದ್ದಕ್ಕೆ ಅನುಮತಿ ಪಡೆಯದ ತಪ್ಪು, ಒಡೆದ ಉಪಕರಣ, ಇವೆಲ್ಲ ಒಂದೊಂದಾಗಿ ಮನಸ್ಸಿಗೆ ಬಂದವು. ನಿಂಗಣ್ಣ ಕೊನೆಗೆ ಬಂದ.

ನಾನು ಸುಮ್ಮನಿದ್ದು ಉಳಿಸಿದ ಪೋರ್ಟ್‌ಫೋಲಿಯೊ ಮುಂದಿನ ಯುಗಾದಿ ಕಾಣಲಿಲ್ಲ. ಕಜಕಸ್ತಾನದ ಬಾವಿಯನ್ನು ಎಣ್ಣೆ ಸಾಲದೆಂದು ಮುಚ್ಚಿದರು. ಉಳಿದ ಒಂಬತ್ತು ಜನ ಬೂಟು ಸಮೇತ ವಾಪಸು ಬಂದರು. ಯೆಮನ್‌ನ ಪಾಲನ್ನು ಯಾರೋ ಕೊಂಡರು, ಪೆರು ಕಾಗದದಲ್ಲೇ ಕರಗಿತು, ತಾಂಜಾನಿಯದ ಅಪ್ಪಣೆ ಕಂಪನಿ ಮುಚ್ಚಿದ ಮೇಲೆ ಬಂತು. ಗೌಡರು ಒಂದೊಂದೇ ಪಿನ್ನು ಕಿತ್ತು ಬೆಂಕಿಪೊಟ್ಟಣದಲ್ಲಿ ಹಾಕುವುದನ್ನು ನಾನೇ ಕಂಡೆ. ಆಮೇಲೆ ಅವರು ಮತ್ತೆ ಲಾರಿ ಹತ್ತಿದರು. ಪುಡಿ ಮೂಸುವುದನ್ನು ತಮ್ಮ ಹುಡುಗರಿಗೆ ಕಡ್ಡಾಯವಾಗಿ ನಿಲ್ಲಿಸಿದ್ದಾರೆಂದು ಕೇಳಿದೆ. ಈ ನೆಲದಲ್ಲಿ ಬರೀ ನೀರು ಸಿಗುವುದೆಂದು ಅವರಿಗೂ ಗೊತ್ತು.

ಇಷ್ಟು ನಡೆದು ಏಳೆಂಟು ವರ್ಷ ಕಳೆದಿತ್ತು. ಅರಕಲಗೂಡಿನ ಆ ಪರೀಕ್ಷೆ ಮುಗಿಸಿ, ಅಂಕಪಟ್ಟಿಗೆ ದುಂಡಗೆ ಸಹಿ ಹಾಕಿ, ಎರಡು ಗೆರೆ ಎಳೆದೆ. ಎಳೆದದ್ದನ್ನು ನೋಡುತ್ತಾ ಕೂತುಬಿಟ್ಟೆ. ಅಂಗಿಗೆಲ್ಲ ಆ ನಾತ ಅಂಟಿತ್ತು. ಹಾಸನಕ್ಕೆ ಹೋಗುವ ಬಸ್ಸು ಹತ್ತಿದವನು ನಡುದಾರಿಯಲ್ಲಿ ಇಳಿದು ಕಟ್ಟಾಯದ ಕಡೆಗೆ ಆಟೋ ಹಿಡಿದೆ. ನನ್ನ ಪಕ್ಕದಲ್ಲಿ ಕೂತಿದ್ದವರು ಸೀಟು ಸಿಕ್ಕಿದ್ದಕ್ಕಲ್ಲದೆ ಗಾಳಿ ಸಿಕ್ಕಿದ್ದಕ್ಕೂ ಸಂತೋಷಪಟ್ಟಿರಬೇಕು.

ಸಾಕಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಗುರುತು ಹಿಡಿದಳು. "ಕುಂತ್ಕಳಿ ಸಾ" ಅಂದಳು. ಪವಿತ್ರ ನೀರು ತಂದಿಟ್ಟಳು. ಅವಳೀಗ ಹಾಸನದ ಒಂದು ಆಸ್ಪತ್ರೆಯಲ್ಲಿ ನರ್ಸು, ಅವತ್ತು ರಜೆ.

ಪೀಠಿಕೆ ಇಲ್ಲದೆ ಹೇಳಿದೆ. ತೋರಿಸಲಿಲ್ಲ. ವಾಸನೆಯನ್ನೂ ತೋರಿಸಲಿಲ್ಲ, ವಾಸನೆ ನಿಂತರೆ ಓಡಬೇಕೆಂಬುದನ್ನೂ ಹೇಳಲಿಲ್ಲ. ನಿಂಗಣ್ಣನಿಗೆ ಗೊತ್ತಿರಲಿಲ್ಲ. ಮದುವೆ ಊಟದ ಎಲೆಯ ಮುಂದೆ ಅವನು ಕೇಳಿದ, ನಾನು ಗದರಿದೆ. ಅವರೆಕಾಯಿ ಸುಲಿಯುವ ಕೈ ಇಷ್ಟು ಹೊತ್ತೂ ನಿಲ್ಲಲಿಲ್ಲ.

"ಬರ್ಕೊಡ್ತೀರಾ?" ಅಂದಳು.

"ಇದರಿಂದ ಈಗ ಏನೂ ಆಗಲ್ಲಮ್ಮಾ. ಗೌಡರ ಕಂಪನಿಯೇ ಇಲ್ಲ."

"ಕಂಪ್ನಿಗಲ್ಲ. ನಮ್ ಭಾವಂಗೆ." ಅವಳು ಬೀದಿಯ ಆಚೆ ಬದಿಯ ಮನೆಯ ಕಡೆ ಗದ್ದ ತೋರಿಸಿದಳು. "ಇವತ್ತಿಗೂ ಹಬ್ಬ ಹರಿದಿನದಾಗೆ ಅದೇ ಮಾತು. ಗೊತ್ತಿದ್ದೂ ಮೂಗು ತೂರ್ಸಿದ ಅಂತ. ಇವ್ಳು ಕೇಳ್ಕಂಡೇ ಬೆಳದ್ಲು."

ಪವಿತ್ರ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಕೊಟ್ಟಳು. ನಾನು ತೊಡೆಯ ಮೇಲೆ ಚೀಲವಿಟ್ಟುಕೊಂಡು ಬರೆದೆ. ದಿನಾಂಕ ಹಾಕಿ, ಅಂದಿನ ಹಾಳೆಯಲ್ಲಿ ಇದ್ದದ್ದು ನಿಜವಲ್ಲವೆಂದು, ನಿಂಗಣ್ಣ ಯಾವ ನಿಯಮವನ್ನೂ ತಿಳಿದು ಮೀರಲಿಲ್ಲವೆಂದು. ಸಹಿ ಹಾಕಿದೆ. ಪವಿತ್ರ ಎರಡು ಸಲ ಗಟ್ಟಿಯಾಗಿ ಓದಿದಳು.

ಸಾಕಮ್ಮ ಎದ್ದು ಒಳಗೆ ಹೋಗಿ ಅಂದು ಭಾವನಿಂದ ಇಸಿದುಕೊಂಡಿದ್ದ, ಮಡಿಕೆ ಸವೆದ ಆ ಜೆರಾಕ್ಸನ್ನು ಟ್ರಂಕಿನಿಂದ ತಂದಳು. ಎರಡೂ ಕಾಗದವನ್ನು ಮೊರದ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಅವಳಿಗೆ ಓದು ಬರದು. ಅಡಿಯಲ್ಲಿದ್ದ ದುಂಡನೆಯ ಗುರುತನ್ನು ಬೆರಳಿಟ್ಟು ನೋಡಿದಳು, ಅದರ ಕೆಳಗಿನ ಎರಡು ಗೆರೆಯನ್ನೂ.

"ಎರಡೂ ಒಂದೇ ತರ ಅವೆ ಸಾ. ಎಲ್ಡೂ ನಿಮ್ದೇ. ಭಾವ ಕೇಳ್ತನೆ, ಯಾವ್ದ ನಂಬ್ಬೇಕು ಅಂತ."

ಸಾಕಮ್ಮ ಜೆರಾಕ್ಸನ್ನು ಮಡಿಸಿ ಪಕ್ಕಕ್ಕಿಟ್ಟಳು.

"ಅವತ್ತು ಊಟಕ್ಕೇನಿತ್ತು ಸಾ?"

"ಏನಮ್ಮಾ?"

"ಮದ್ವೆ ಊಟ ಅಂದ್ರಲ್ಲ. ಎಲೇಲಿ ಏನೇನಿತ್ತು, ಏಳಿ."

ಹೇಳಿದೆ. ಅದನ್ನು ಮರೆಯಲು ನನ್ನಿಂದ ಎಂದೂ ಆಗಿರಲಿಲ್ಲ. ಕೋಸಂಬರಿ, ಹುರುಳಿಕಾಯಿ ಪಲ್ಯ, ಚಿತ್ರಾನ್ನ, ಬೂಂದಿ, ಮಜ್ಜಿಗೆ ಹುಳಿ, ತುಪ್ಪ ಹಾಕಿದ ಒಬ್ಬಟ್ಟು.

"ಒಬ್ಬಟ್ಟು ಎಲ್ಡು ಬಾಳೆಲೇಲಿ ಸುತ್ಕಂಡು ಬಂದಿದ್ರು" ಅಂದಳು ಸಾಕಮ್ಮ, ಮಗಳ ಕಡೆ ತಿರುಗಿ. "ಒಂದ್ನ ನೀನು ಅರ್ಧ ತಿಂದು ಮಿಕ್ಕಿದ್ನ ದೊಡ್ಡಪ್ಪನ ಮನೆಗೆ ತಗಂಡೋಗಿ ಕೊಟ್ಟೆ."

"ನೆಪ್ಪದೆ ಕಣವ್ವ" ಅಂದಳು ಪವಿತ್ರ. "ದೊಡ್ಡಪ್ಪನೂ ತಿಂದಿತ್ತು."

"ಹಂಗಾರೆ ಅದ್ನೂ ಬರೀರಿ ಸಾ. ಓದಿದ್ರೆ, ಆ ಒಬ್ಬಟ್ಟು ತಿಂದೋನಿಗೆ ಯಾವ್ ಕಾಗ್ದ ನಿಜ ಅಂತ ಗೊತ್ತಾಯ್ತದೆ."

ನಾನು ಹಾಳೆಯನ್ನು ವಾಪಸು ತೆಗೆದುಕೊಂಡು ಸಹಿಯ ಕೆಳಗೆ ಬರೆದೆ. 'ಅಂದಿನ ಹಾಳೆಗೆ ಸಹಿ ಹಾಕಿದ ದಿನ, ವಾಸನೆ ತೋರಿಸಬೇಕಾಗಿದ್ದ ಹೊತ್ತಿನಲ್ಲಿ, ಸದರಿ ನಿಂಗಣ್ಣನವರಿಗೆ ನನ್ನ ಪಕ್ಕದಲ್ಲಿ ಈ ಕೆಳಗಿನವನ್ನು ಬಡಿಸಲಾಯಿತು.' ಒಂದರ ಕೆಳಗೆ ಒಂದು ಬರೆಯುತ್ತಾ ಹೋದೆ. ಸಾಕಮ್ಮ ಮೊರ ಬಿಟ್ಟು ಹತ್ತಿರ ಬಂದು ಕೂತಳು. ಪವಿತ್ರ ಒಂದೊಂದನ್ನೂ ಓದಿ ಹೇಳುತ್ತಿದ್ದಳು.

"ಗಸಗಸೆ ಪಾಯಸ ಬುಟ್ರಿ ಸಾ" ಅಂದಳು ಸಾಕಮ್ಮ. "ಅವತ್ತು ಮನೆಗೆ ಬಂದು ಅವ್ರು ಅದ್ನೇ ಮೊದಲು ಏಳಿದ್ದು."

ಪಾಯಸವನ್ನೂ ಬರೆದು, ಕೆಳಗೆ ಇನ್ನೊಮ್ಮೆ ಸಹಿ ಹಾಕಿದೆ.